ಅಮಾವಾಸ್ಯೆಗೊಂದು ಗುಂಡು

ನಮ್ಮೂರು ತೇವಾರಂನ ಶಾಲೆಯ ಪಿ.ಟಿ. ಟೀಚರ್ ಫೋನಿನಲ್ಲಿ ಕೇಳಿದ ಪ್ರಶ್ನೆ ತೀರಾ ಸರಳವಾಗಿತ್ತು. "ನಿಮ್ಮ ಮನೆಯಲ್ಲಿ ಒಂದು ಏರ್ ರೈಫಲ್ ಸುಮ್ಮನೆ ಇದೆಯಂತಲ್ಲಮ್ಮಾ. ನಮ್ಮ ನಾಲ್ಕು ಹುಡುಗಿಯರು ಗುರಿ ಹೊಡೆಯಲು ಕಲೀತಿದ್ದಾರೆ. ದುಬಾರಿಯದು ಕೊಳ್ಳೋ ಶಕ್ತಿ ಶಾಲೆಗಿಲ್ಲ. ನಿಮ್ಮದು ನಂಬಬಹುದಾದ್ದೇನಾ? ಹೆಡ್‌ಮಿಸ್ಟ್ರೆಸ್‌ಗೆ ತೋರಿಸೋಕೆ ಎರಡು ಸಾಲು ಬರೆದುಕೊಟ್ಟರೆ ಸಾಕು."

ಬರೆದುಕೊಡುತ್ತೇನೆ ಎಂದೆ. ಎರಡು ಸಾಲು ಬರೆಯುವುದೇ ನನ್ನ ಉದ್ಯೋಗ. ದಿಂಡಿಗಲ್ ಬಳಿಯ ನೂಲಿನ ಗಿರಣಿಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿ ಕೂರುತ್ತೇನೆ. ನೂಲನ್ನು ಯಂತ್ರಕ್ಕೆ ಕಟ್ಟಿ, ಅದು ಹರಿಯುವವರೆಗೆ ಎಳೆದು, ಎಷ್ಟು ಭಾರಕ್ಕೆ ಹರಿಯಿತು ಎಂದು ಬರೆದು, ಕೆಳಗೆ ಒಪ್ಪಿದೆ ಅಥವಾ ಒಪ್ಪಿಲ್ಲ ಎಂದು ಸಹಿ ಹಾಕುತ್ತೇನೆ. ದಿನಕ್ಕೆ ಇಪ್ಪತ್ತು ಸಲ ಮಾಡುವ ಈ ಕೆಲಸವನ್ನು ಆ ರೈಫಲ್ಲಿಗಾಗಿ ಒಂದು ಸಲ ಮಾಡಲು ನನಗೆ ಹದಿನೈದು ದಿನವಾದರೂ ಆಗಲಿಲ್ಲ. ಏಕೆಂದರೆ ಅದರ ಗುಣಮಟ್ಟದ ಬಗ್ಗೆ ನಾನು ಆರು ವರ್ಷದ ಹಿಂದೆಯೇ ಒಂದು ತೀರ್ಪು ಕೊಟ್ಟುಬಿಟ್ಟಿದ್ದೆ. ತಪ್ಪೆಂದು ಗೊತ್ತಿದ್ದೇ ಕೊಟ್ಟ ತೀರ್ಪು ಅದು. ಕೇಳಿಸಿಕೊಂಡವರು ಈಗ ಇಲ್ಲ.

ಕೇಳಿಸಿಕೊಂಡವರು ನಮ್ಮ ಸಿಕ್ಕಯ್ಯ. ಚಿಕ್ಕಪ್ಪನನ್ನು ನಮ್ಮ ಮನೆಗಳಲ್ಲಿ ಹಾಗೆ ಕರೆಯುತ್ತೇವೆ, ಚಿಕ್ಕಮ್ಮ ಸಿಕ್ಕವ್ವ. ನಮ್ಮವರು ಕನ್ನಡದ ಸೀಮೆಯಿಂದ ತೇವಾರಂ ಇರುವ ಈ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹೊಲ, ಪಂಪ್‌ಸೆಟ್ಟು, ಬೀದಿ ಎಲ್ಲವೂ ತಮಿಳಿನಲ್ಲಿ ನಡೆಯುತ್ತವೆ. ಅಡುಗೆಮನೆ ಮತ್ತು ದನದ ಕೊಟ್ಟಿಗೆ ಕನ್ನಡದಲ್ಲಿ. ನನ್ನ ವಯಸ್ಸಿನವರಿಗೆ ಕನ್ನಡ ಕಿವಿಯಲ್ಲಿದೆ, ಬಾಯಲ್ಲಿಲ್ಲ. ಸಿಕ್ಕಯ್ಯ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ನಾನು ತಮಿಳಿನಲ್ಲೇ ಉತ್ತರಿಸುತ್ತಿದ್ದೆ. ಆಮೇಲೆ ಎಂ.ಎಸ್ಸಿ.ಗೆಂದು ಮೈಸೂರಿಗೆ ಹೋಗಿ, ಬಸ್ಸಿನ ಬೋರ್ಡುಗಳನ್ನು ಎಳೆಮಕ್ಕಳಂತೆ ಕೂಡಿಸಿ ಓದಿ ಅಕ್ಷರ ಕಲಿತೆ. ಈ ಬರಹದಲ್ಲಿ ಎಲ್ಲಾದರೂ ತಮಿಳು ಇಣುಕಿದರೆ ನೀವು ಆಶ್ಚರ್ಯಪಡಬೇಕಾಗಿಲ್ಲ.

ಸಿಕ್ಕಯ್ಯನ ಕೆಲಸ ಒಡ್ಡನ್‌ಛತ್ರದ ತರಕಾರಿ ಮಾರುಕಟ್ಟೆಯಲ್ಲಿ. ಒಂದು ಮಂಡಿಯಲ್ಲಿ ಸರಕು ಆರಿಸುವವರು. ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬದನೆಕಾಯಿಯನ್ನು ಹೆಬ್ಬೆರಳಿನಿಂದ ಒಮ್ಮೆ ಮುಟ್ಟಿ ಬಲಕ್ಕೋ ಎಡಕ್ಕೋ ಎಸೆಯುತ್ತಿದ್ದರು. ಬಲಕ್ಕೆ ಬಿದ್ದದ್ದು ಕೇರಳದ ಲಾರಿಗೆ, ಎಡಕ್ಕೆ ಬಿದ್ದದ್ದು ಊರಿನ ಸಂತೆಗೆ. ನುಗ್ಗೆಕಾಯನ್ನು ಅರ್ಧ ತಿರುಚಿ ಬಿಟ್ಟರೆ ಅದು ಮರಳಿ ನೇರವಾಗಬೇಕು, ಆಗದಿದ್ದರೆ ಎಡಕ್ಕೆ. ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಅವರ ಜೊತೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. "ರೊಂಬ ಸಂದಾಗಿರೋದು ಬ್ಯಾಡ ಪಾಪಾ," ಎನ್ನುತ್ತಿದ್ದರು. "ಮೂಟೇಲಿ ಇರೋದೆಲ್ಲಾ ಒಂದೇ ಮಾದಿರಿ ಇರ್ಬೇಕು. ಲಾರಿಕಾರ ಕೇಳೋದು ಅಷ್ಟೇಯ." ಮೈಸೂರಿನಲ್ಲಿ ಎರಡು ವರ್ಷ ಸಂಖ್ಯಾಶಾಸ್ತ್ರ ಓದಿ ನಾನು ಕಲಿತದ್ದು ಹೆಚ್ಚು ಕಡಿಮೆ ಇಷ್ಟೇ. ಚಿಹ್ನೆಗಳು ಮಾತ್ರ ಬೇರೆ.

ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿ ಓದುವಾಗ ಶಾಲೆಯಲ್ಲಿ ಯಾರೋ ತರಬೇತುದಾರರು ಬಂದು ಎಲ್ಲರ ಕೈಗೂ ಒಂದೊಂದು ಸಲ ರೈಫಲ್ ಕೊಟ್ಟರು. ನನ್ನ ಐದು ಗುಂಡುಗಳೂ ಒತ್ತಾಗಿ ಬಿದ್ದವು. ಮಾತು ಕಡಿಮೆ ಇರುವವರಿಗೆ ಈ ಆಟ ಒಗ್ಗುತ್ತದೆ. ಉಸಿರು ಹಿಡಿದು ಸುಮ್ಮನಿದ್ದರೆ ಮೆಚ್ಚುವ ಬೇರೆ ಆಟ ನನಗೆ ಗೊತ್ತಿಲ್ಲ. ಮನೆಗೆ ಬಂದು ರೈಫಲ್ ಬೇಕು ಎಂದೆ. ಅಪ್ಪ ಊಟದಿಂದ ಎದ್ದು ಕೈತೊಳೆಯಲು ಹೋದರು. ಅದು ಅವರ ಉತ್ತರ. ಸಿಕ್ಕಯ್ಯ ಮಾತ್ರ ಕೂತೇ ಇದ್ದು, "ತುಪಾಕಿ ಕಡೆ ದಿಂಡುಕ್ಕಲ್ಲಲ್ಲಿ ಐತೆ. ನಾಯಿತ್ತುಕೆಳಮೆ ಓಗಾಣ," ಎಂದರು.

ಹಾಗೆ ಭಾನುವಾರ ಹೋದೆವು. ದಿಂಡಿಗಲ್ಲಿನ ಆ ಅಂಗಡಿಯಲ್ಲಿ ಒಂದು ಗೋಡೆಯ ಮೇಲೆ ವಿದೇಶದವು, ಇನ್ನೊಂದರ ಮೇಲೆ ನಮ್ಮವು. ನಮ್ಮವೆಂದರೆ ಲೈಸೆನ್ಸ್ ಬೇಡದ, ನಳಿಕೆಯನ್ನು ನಡುವೆ ಬಗ್ಗಿಸಿ ಸ್ಪ್ರಿಂಗ್ ಬಿಗಿಯುವ, ಸಾಸಿವೆಗಿಂತ ಸ್ವಲ್ಪ ದೊಡ್ಡ ಸೀಸದ ಗುಂಡು ಹಾರಿಸುವ ಅಗ್ಗದ ಗಾಳಿ ಬಂದೂಕುಗಳು. ಸಿಕ್ಕಯ್ಯ ಮೊದಲನೆಯ ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ಎರಡನೆಯ ಗೋಡೆಯಿಂದ ಒಂದನ್ನು ಇಳಿಸಿ ಮೂಸಿದರು. ಎರಡು ಕೈಯಲ್ಲಿ ತೂಗಿದರು. ಆಮೇಲೆ, ನಾನು ನೋಡನೋಡುತ್ತಿದ್ದಂತೆ, ಅದರ ನಳಿಕೆಯನ್ನು ನುಗ್ಗೆಕಾಯಿಯಂತೆ ತಿರುಚಲು ನೋಡಿದರು.

ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ, "ಅಣ್ಣಾಚ್ಚಿ, ಸಾಂಬಾರಿಗೆ ಬೇಕಾ?" ಎಂದು ತಮಿಳಿನಲ್ಲಿ ಕೇಳಿದರು.

ಸಿಕ್ಕಯ್ಯ ನಗಲಿಲ್ಲ. ಅದನ್ನು ಬಗ್ಗಿಸಿ ಮುಚ್ಚಿದರು, ಬಗ್ಗಿಸಿ ಮುಚ್ಚಿದರು. ಪ್ರತಿ ಸಲವೂ ಕಿವಿ ಹತ್ತಿರ ತಂದರು. ಹತ್ತು ಸಲ ಆದಮೇಲೆ ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಇಳಿಸಿದರು. ಆರನೆಯದಕ್ಕೆ ಅವರ ಮುಖ ಸಡಿಲವಾಯಿತು. "ಕೇಳ್ದ್ಯಾ ಪಾಪಾ? ಅತ್ತು ಸಲಾನೂ ಒಂದೇ ಸದ್ದು. ಇದು ಸುಳ್ಳು ಯೋಳಾಕಿಲ್ಲ." ನಂತರ ಹೆಗಲ ಮೇಲಿನ ತುಂಡು ವಸ್ತ್ರ ತೆಗೆದು ಅಂಗಡಿಯವರ ಕೈಯ ಮೇಲೆ ಹೊದಿಸಿ, ಅದರ ಕೆಳಗೆ ಅವರ ಬೆರಳು ಹಿಡಿದುಕೊಂಡರು. ದನದ ಸಂತೆಯಲ್ಲಿ ನಮ್ಮವರು ಹಾಗೆಯೇ ಬೆಲೆ ಮಾತಾಡುವುದು, ಸುತ್ತ ನಿಂತವರಿಗೆ ಕಾಣದಂತೆ, ಬೆರಳು ಒತ್ತಿ. ಆ ಮನುಷ್ಯ ಬೆಚ್ಚಿ ಕೈ ಎಳೆದುಕೊಂಡರು. ಅಂಗಡಿಯಲ್ಲಿದ್ದ ಇಬ್ಬರು ಕಾಲೇಜು ಹುಡುಗಿಯರು ನಕ್ಕರು. ನಾನು ಬಾಗಿಲ ಬಳಿ ಹೋಗಿ ರಸ್ತೆ ನೋಡುತ್ತ ನಿಂತೆ, ಅವರ ಜೊತೆ ಬಂದವಳಲ್ಲ ಎಂಬಂತೆ.

ಅಗ್ಗದ ರೈಫಲ್ಲಿನಿಂದ ಏನನ್ನು ನಿರೀಕ್ಷಿಸಬೇಕು? ಬಹಳವನ್ನಲ್ಲ. ಅದರ ಮರದ ಹಿಡಿಯ ಬಣ್ಣ ನನ್ನ ಕೆನ್ನೆಗೂ ಶಾಲೆಯ ಬಿಳಿ ಅಂಗಿಗೂ ಹತ್ತುತ್ತಿತ್ತು. ಶೂಟಿಂಗ್ ಮಾಡುವವಳೋ ಬಾಗಿಲಿಗೆ ಬಣ್ಣ ಬಳಿಯುವವಳೋ ಎಂದು ಸಿಕ್ಕವ್ವ ಕೇಳುತ್ತಿದ್ದರು. ಗುಂಡು ಹಾರಿಸುವ ಕುದುರೆ ಒತ್ತಿದರೆ ಎಲ್ಲೋ ದೂರದಲ್ಲಿ ಯೋಚಿಸಿ ಆಮೇಲೆ ಬಿಡುತ್ತಿತ್ತು. ಐವತ್ತು ಗುಂಡಿಗೊಮ್ಮೆ ತಿರುಪುಗಳನ್ನು ಬಿಗಿಮಾಡಬೇಕು. ಒಳಗೆ ಗಾಳಿ ಸೋರದಂತೆ ತಡೆಯಲು ಒಂದು ಚರ್ಮದ ಬಿಲ್ಲೆ ಇದೆ, ಅದಕ್ಕೆ ಆಗಾಗ ಎಣ್ಣೆ ತೋರಿಸದಿದ್ದರೆ ಒಣಗಿ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ಗುಂಡು ಹತ್ತು ಹೆಜ್ಜೆಯಲ್ಲೇ ನೆಲಕ್ಕೆ ಉದುರುತ್ತದೆ. ಆದರೆ ಕೊಟ್ಟಿಗೆಯ ಗೋಡೆಗೆ ಮರಳಿನ ಮೂಟೆ ಒರಗಿಸಿ, ಅದರ ಮುಂದೆ ಗುರಿಯ ಕಾರ್ಡು ಚುಚ್ಚಿ ಹೊಡೆದರೆ, ಇಟ್ಟಲ್ಲಿಗೇ ಹೋಗುತ್ತಿತ್ತು. ಒಂದು ವರ್ಷ ಹಾಗೆ ಹೊಡೆದೆ. ಸಿಕ್ಕಯ್ಯ ಒಡ್ಡನ್‌ಛತ್ರದಿಂದ ಬಂದಾಗಲೆಲ್ಲ ಕಾರ್ಡು ಹಿಡಿದು, ರಾಶಿಯ ಮುಂದೆ ಕೂರುವಂತೆಯೇ ಕೂತು, ರಂಧ್ರಗಳನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. "ಎಲ್ಲಾ ಕೇರಳ ಲಾರಿಗೆ," ಎನ್ನುತ್ತಿದ್ದರು.

ಪ್ಲಸ್ ಟೂನಲ್ಲಿ ದಿಂಡಿಗಲ್ಲಿನಲ್ಲಿ ಪಂದ್ಯ. ಹೊರಡುವ ಬೆಳಿಗ್ಗೆ ನಮ್ಮ ಮನೆಯ ಪದ್ಧತಿಯಂತೆ ಗಂಧ ಕುಂಕುಮ ಬಂತು. ಮೊದಲ ಸಲ ಹೊರಗಿನ ಕೆಲಸಕ್ಕೆ ಹೊರಟ ಯಾವ ವಸ್ತುವೂ ನಮ್ಮಲ್ಲಿ ಬರಿಹಣೆಯಲ್ಲಿ ಹೋಗುವಂತಿಲ್ಲ. ನೇಗಿಲಿಗೆ, ಔಷಧಿ ಸಿಂಪಡಿಸುವ ಯಂತ್ರಕ್ಕೆ, ನೀರಿನ ಮೋಟಾರಿಗೆ, ನನ್ನ ಜಾಮೆಟ್ರಿ ಬಾಕ್ಸಿಗೆ, ಎಲ್ಲಕ್ಕೂ ಬೊಟ್ಟು. ಇಟ್ಟ ಬೊಟ್ಟನ್ನು ನಾವಾಗಿ ಒರೆಸಬಾರದು, ಅದಾಗಿ ಉದುರಬೇಕು. ಸಿಕ್ಕಯ್ಯ ರೈಫಲ್ಲನ್ನು ಹಿಂದೆ ಮುಂದೆ ತಿರುಗಿಸಿ, "ಇದ್ರ ನೆತ್ತಿ ಎಲ್ಲೈತೆ?" ಎಂದು ಕೇಳಿದರು. ನಾನು ಬ್ಯಾಗು ಕಟ್ಟುವ ಅವಸರದಲ್ಲಿದ್ದೆ. ಅವರೇ ಹುಡುಕಿಕೊಂಡರು. ನಳಿಕೆಯ ಹಿಂತುದಿಯಲ್ಲಿ ಗುರಿ ನೋಡಲು ನಡುವೆ ಸೀಳಿರುವ ಒಂದು ಪುಟ್ಟ ತಗಡು ನಿಂತಿರುತ್ತದೆ. ಅದೇ ಹಣೆಯೆಂದು ತೀರ್ಮಾನಿಸಿ ಅಲ್ಲಿ ಗಂಧದ ಮೇಲೆ ಕುಂಕುಮ ಇಟ್ಟರು.

ಪಂದ್ಯದ ಅಂಗಳದಲ್ಲಿ ಉಳಿದ ಹುಡುಗಿಯರು ಉದ್ದನೆಯ ಪೆಟ್ಟಿಗೆಗಳಿಂದ ವಿದೇಶದ ರೈಫಲ್ ತೆಗೆಯುತ್ತಿದ್ದರು. ನಾನು ರೈಫಲ್ ಸುತ್ತಿ ತಂದಿದ್ದ ಬೆಡ್‌ಶೀಟ್ ಬಿಚ್ಚಿದೆ. ಕುಂಕುಮ ಕಣ್ಣಿಗೆ ಹೊಡೆಯುವಷ್ಟು ಕೆಂಪಾಗಿತ್ತು. ಪಕ್ಕದವಳು, "ಇದಕ್ಕೆ ಮದುವೆ ಆಗಿದೆಯಾ?" ಎಂದಳು. ಕೆಟ್ಟ ಮಾತೇನಲ್ಲ, ನಾನೂ ನಕ್ಕುಬಿಡಬಹುದಿತ್ತು. ನಗದೆ, ತಿರುಗಿ ಕೂತು, ಉಗುರಿನಿಂದ ಆ ಬೊಟ್ಟನ್ನು ಕೆರೆದೆ. ಗಂಧ ಒಣಗಿ ಅಂಟಿತ್ತು. ತಲೆಯಿಂದ ಹೇರ್‌ಪಿನ್ ತೆಗೆದು ಒತ್ತಿ ಕೆರೆದೆ. ತಗಡು ಕದಲಿದ್ದು ಬೆರಳಿಗೆ ಗೊತ್ತಾಯಿತು. ಎಳ್ಳಿನಷ್ಟು ಎಡಕ್ಕೆ. ಹೆಸರು ಕೂಗಿದರು. ಜೊತೆಗೆ ಬಂದಿದ್ದ ಸಿಕ್ಕಯ್ಯ ದೂರದ ಬೇಲಿಯಾಚೆಯಿಂದ ನೋಡುತ್ತಿರುವಂತೆಯೇ, ಅದರ ತಿರುಪನ್ನು ಹಾಗೆಯೇ ಬಿಗಿಮಾಡಿ ಹೋಗಿ ನಿಂತೆ.

ಎಲ್ಲ ಗುಂಡುಗಳೂ ಎಡಕ್ಕೆ ಹೋದವು. ನಲವತ್ತಕ್ಕೆ ನಲವತ್ತೂ. ಕೊನೆಯಿಂದ ಎರಡನೆಯವಳಾದೆ.

ಹಿಂದಿರುಗುವಾಗ ಬತ್ತಲಗುಂಡಿನಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಸಿಕ್ಕಯ್ಯ ಆ ಊರಿಗೆ ಬಂದರೆ ವೀಳ್ಯದೆಲೆ ಕೊಳ್ಳದೆ ಬಸ್ಸು ಹತ್ತಿದವರಲ್ಲ. ಎಲೆಯ ಕಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಲೇ, ಮೆಲ್ಲಗೆ, "ಏನಾತು ಪಾಪಾ? ಕೈ ನಡುಗ್ತಾ?" ಎಂದು ಕನ್ನಡದಲ್ಲಿ ಕೇಳಿದರು. ನಮ್ಮ ಶಾಲೆಯ ಇಬ್ಬರು ಅಲ್ಲೇ ನಿಂತಿದ್ದರು. ನಾನು ತಮಿಳಿನಲ್ಲಿ, ಅವರಿಗೂ ಕೇಳುವಂತೆ ಹೇಳಿದೆ: "ಕೈಯಲ್ಲ. ಇದೇ ಸರಿಯಿಲ್ಲ. ನಂಬೋ ಸರಕಲ್ಲ ಇದು. ನಿಮಗೆ ಬದನೆಕಾಯಿ ಮಾತ್ರ ಗೊತ್ತು, ನಿಮ್ಮನ್ನು ಯಾಕೆ ಕೇಳಿದೆನೋ."

ಅವರು ಎಲೆಯ ಕಟ್ಟನ್ನು ಇದ್ದ ಜಾಗದಲ್ಲೇ ಇಟ್ಟರು. "ಸರಿ ಪಾಪಾ," ಎಂದರು. ಎಲೆ ಕೊಳ್ಳಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟು, ಬೆಡ್‌ಶೀಟಿನ ಗಂಟನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ತೇವಾರಂವರೆಗೂ ಕೂತಿದ್ದರು.

ಬಸ್ಸಿನಲ್ಲಿಯೇ ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ತಗಡು ಕದಲಿಸಿದ್ದು ನಾನು ಎಂದು ಹೇಳಬೇಕಾದರೆ ಬೊಟ್ಟು ಕೆರೆದೆ ಎಂದು ಹೇಳಬೇಕು, ಬೊಟ್ಟು ಕೆರೆದೆ ಎಂದರೆ ಏಕೆ ಎಂದು ಹೇಳಬೇಕು. ಆ ಏಕೆಯ ಹತ್ತಿರ ಬಂದು ಪ್ರತಿ ಸಲವೂ ನಿಲ್ಲುತ್ತಿದ್ದೆ. ರೈಫಲ್ಲನ್ನು ಮತ್ತೆ ಮುಟ್ಟಲಿಲ್ಲ. ಮಧುರೈಗೆ ಓದಲು ಹೋದೆ, ಅಲ್ಲಿಂದ ಮೈಸೂರಿಗೆ, ಅಲ್ಲಿಂದ ಗಿರಣಿಗೆ. ಸಿಕ್ಕಯ್ಯ ಫೋನ್ ಮಾಡಿದಾಗ ಊಟದ ವಿಷಯ ಕೇಳುತ್ತಿದ್ದರು, ನಾನು ತಮಿಳಿನಲ್ಲಿ ಆಯಿತು ಎನ್ನುತ್ತಿದ್ದೆ. ಕಳೆದ ವರ್ಷ ಒಂದು ಬೆಳಿಗ್ಗೆ ಬದನೆಕಾಯಿ ರಾಶಿಯ ಮುಂದೆ ಕೂತವರು ಪಕ್ಕಕ್ಕೆ ಒರಗಿದರಂತೆ. ನಾನು ಮನೆ ಮುಟ್ಟುವಷ್ಟರಲ್ಲಿ ಎಲ್ಲರೂ ಸ್ನಾನ ಮಾಡಿ ಕೂತಿದ್ದರು.

ಟೀಚರ್ ಎರಡನೆಯ ಸಲ ಫೋನ್ ಮಾಡಿದ ಮೇಲೆ, ಕಳೆದ ಅಮಾವಾಸ್ಯೆಗೆ ರಜೆ ಹಾಕಿ ತೇವಾರಂಗೆ ಹೋದೆ. ಆರು ವರ್ಷ ಮುಟ್ಟದ ಗಾಳಿ ಬಂದೂಕು. ಚರ್ಮದ ಬಿಲ್ಲೆ ಒಣಗಿ ಹೋಗಿರುತ್ತದೆ, ಕೆಟ್ಟಿದೆ ಎಂದು ಬರೆದುಕೊಟ್ಟರೆ ಮುಗಿಯಿತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ನಿಜ ಹೇಳಬೇಕೆಂದರೆ ಕೆಟ್ಟಿರಲಿ ಎಂದೇ ಆಸೆಪಟ್ಟಿದ್ದೆ.

ಸಿಕ್ಕವ್ವ ಮಾಳಿಗೆಯ ಮೇಲೆ ಕಾಗೆಗೆ ಅನ್ನ ಇಟ್ಟು ಬರುತ್ತಿದ್ದರು. ನಾನು ಬೆಡ್‌ಶೀಟು ಬಿಚ್ಚಿ ನಳಿಕೆ ಬಗ್ಗಿಸಿದೆ. ಬೆಣ್ಣೆಯಂತೆ ಬಗ್ಗಿತು. ಬೆರಳಿಗೆ ಎಣ್ಣೆಯ ಪಸೆ. ಮುಚ್ಚಿದರೆ ಅದೇ ಸದ್ದು, ದಿಂಡಿಗಲ್ಲಿನ ಅಂಗಡಿಯ ಸದ್ದು.

"ಎಣ್ಣೆ ಯಾರು ಹಾಕಿದ್ದು?" ಎಂದೆ.

"ಇನ್ಯಾರು? ನಿಮ್ ಸಿಕ್ಕಯ್ಯನೇ. ಅವ್ರು ಓದ್ಮೇಕೆ ನಾನೂ ಬಿಡ್ಲಿಲ್ಲ, ಅಮಾಸೆಗೊಂದು ತೊಟ್ಟು ಬಿಡ್ತೀನಿ," ಎನ್ನುತ್ತ ಸಿಕ್ಕವ್ವ ಕೂತರು. "ಅಮಾಸೆಗೆ ಎತ್ತುಗೂ ರಜ, ಇವ್ರಿಗೂ ರಜ. ಮನಿಗೆ ಬಂದು, ತಲೆಗೆ ನೀರು ಉಯ್ಕಂಡು, ಕಾಗೆಗೆ ಅನ್ನ ಇಕ್ಕಿ, ಉಡನೇ ಇದನ್ನ ಎತ್ಕಳೋರು. ಎಣ್ಣೆ ಬಿಡೋರು, ಒಂದೇ ಒಂದು ಗುಂಡು ಒಡೆಯೋರು. ತೋಲಿನ ಬಿಲ್ಲೆ ಮಲಗಿಬಿಡಬಾರ್ದಂತೆ, ಎಬ್ಬಿಸ್ಬೇಕಂತೆ. ಟಪ್ ಅಂತಿದ್ದಂಗೆ ಕಾಗೆ ಎಲ್ಲಾ ಓಡೋವು. ಅನ್ನ ಇಕ್ಕಿ ಕರ್ದು ವೆಡಿ ಆಕಿದ್ರೆ ಯಾವ ಅಪ್ಪ, ಯಾವ ಅಜ್ಜ ಉಣ್ಣಾಕೆ ಬತ್ತಾನೆ, ನೀನೇ ಯೋಳು?"

ನಾನು ನಕ್ಕೆ. ಅವರೂ ನಕ್ಕರು. ನಗುತ್ತಲೇ ಎದ್ದು ಹೋಗಿ ದೇವರ ಪಟದ ಹಿಂದಿನಿಂದ ಒಂದು ಕಾರ್ಡು ತಂದರು.

ಒಂದೇ ಕಾರ್ಡು, ರಟ್ಟಿನ ಮೇಲೆ ಅಂಟಿಸಿದ್ದು. ನನ್ನ ಕಾರ್ಡುಗಳ ಕಟ್ಟು ಹಾಗೆಯೇ ಇತ್ತು. ಪಾಪಾಗೆ ಬೇಕಾತದೆ ಎಂದು ಸಿಕ್ಕಯ್ಯ ಅದರಿಂದ ಎರಡನೆಯದನ್ನು ತೆಗೆದಿರಲಿಲ್ಲ. ನಡುವಿನ ಕಪ್ಪು ವೃತ್ತಕ್ಕೆ ಒಂದು ಗುಂಡೂ ತಾಗಿಲ್ಲ. ಅದರ ಎಡಗಡೆ, ನೆಲ್ಲಿಕಾಯಿ ತೂರುವಷ್ಟು ಒಂದು ತೂತು. ಎಷ್ಟು ಅಮಾವಾಸ್ಯೆಯೆಂದು ಎಣಿಸಲು ಬರುವಂತಿಲ್ಲ; ಗುಂಡಿನ ಮೇಲೆ ಗುಂಡು ಬಿದ್ದು ಕಾಗದವೇ ಉದುರಿಹೋಗಿದೆ. ಹತ್ತಿಬೀಜದ ಮೂಟೆಯ ಮೇಲೆ ರೈಫಲ್ ಒರಗಿಸಿಟ್ಟು ಹೊಡೆಯುತ್ತಿದ್ದರಂತೆ. ಗಿರಣಿಯಲ್ಲಿ ಒಂದು ನೂಲು ಐದು ವರ್ಷ ಹೀಗೆ ಒಂದೇ ಭಾರಕ್ಕೆ ಹರಿಯುತ್ತಿದ್ದರೆ ನಾವು ಕಣ್ಣು ಮುಚ್ಚಿ ಸಹಿ ಹಾಕುತ್ತೇವೆ.

"ಎಡಕ್ಕೇ ಓಗ್ತದಲ್ಲ, ಆ ತಿರುಪನ್ನ ಸೊಲ್ಪ ತಿರುಗ್ಸಿ ಅಂದೆ," ಎಂದು ಸಿಕ್ಕವ್ವ ಹೇಳಿದರು. "ಅದಕ್ಕೆ ಅವ್ರು, ಮುಟ್ಟಬ್ಯಾಡ, ಅದು ಪಾಪ ಪೋಟಿಗೆ ಓದಾಗ ಅವಳೇ ಬಿಗಿ ಮಾಡಿಟ್ಟದ್ದು, ಅವಳು ಲೆಕ್ಕ ಕಣಕ್ಕು ಓದಿದೋಳು, ಅದು ತಪ್ಪಾಕಿಲ್ಲ, ನನ್ ಕಣ್ಣೇ ಕೆಟ್ಟೈತೆ ಅಂದ್ರು. ಬೋಡಿಗೆ ಓಗಿ ಕಣ್ ಡಾಕ್ಟರನ್ನ ಪಾತ್ತು ಬಂದ್ರು, ಎರಡ್ ಸಲ. ಪೇಪರ್ ಓದಾಕೆ ಅಂತ ಒಂದು ಕಣ್ಣಾಡಿ ಕೊಟ್ಟ. ಇವ್ರು ಅದನ್ನ ಗುರಿ ಇಡಾಕೆ ಆಕ್ಕಂಡ್ರು. ಆಮೇಕೂ ಎಡಕ್ಕೇ ಓತು. ವಯಸ್ಸಾತು ಬುಡು ಅಂದು ಸುಮ್ನಾದ್ರು."

ನಾನು ಆ ತೂತಿನ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದೆ. ಹೇಳಲು ಬಂದ ತಮಿಳು ಮಾತುಗಳು ಯಾವುದಕ್ಕೂ ಒದಗುವಂತಿರಲಿಲ್ಲ.

ಟೀಚರ್‌ಗೆ ಆ ಎರಡು ಸಾಲುಗಳನ್ನು ಮರುದಿನ ಬರೆದೆ. ಇದನ್ನು ನಂಬಬಹುದು. ಅಮಾವಾಸ್ಯೆಗೊಮ್ಮೆ ಒಂದು ಹನಿ ಎಣ್ಣೆ ಹಾಕಿ. ಆದರೆ ಪರೀಕ್ಷಿಸದೆ ಸಹಿ ಹಾಕುವುದು ನನ್ನ ವೃತ್ತಿಯಲ್ಲಿ ಇಲ್ಲ. ಹುಡುಗಿಯರ ಕೈಗೆ ಎಡಕ್ಕೆ ಹೋಗುವ ರೈಫಲ್ ಕೊಡುವಂತೆಯೂ ಇರಲಿಲ್ಲ. ಹಾಗಾಗಿ ಬರೆಯುವ ಮೊದಲು, ಆ ಅಮಾವಾಸ್ಯೆಯ ದಿನವೇ, ಕಾಗೆ ಉಂಡು ಮುಗಿಸಿ ಹಾರಿಹೋಗುವವರೆಗೆ ಕಾದೆ. ಆಮೇಲೆ ಕೊಟ್ಟಿಗೆಯ ಗೋಡೆಯ ಮರಳು ಮೂಟೆಗೆ ಸಿಕ್ಕಯ್ಯನ ಕಾರ್ಡನ್ನೇ ಒರಗಿಸಿ, ಹತ್ತಿಬೀಜದ ಮೂಟೆಯ ಹಿಂದೆ ಕೂತೆ. ತಗಡಿನ ಮೂಲೆಯಲ್ಲಿ ಇನ್ನೂ ಚೂರು ಕುಂಕುಮವಿತ್ತು, ನನ್ನ ಹೇರ್‌ಪಿನ್ ತಲುಪದ ಕಡೆ. ಅದಕ್ಕೆ ತಾಗದಂತೆ ತಿರುಪು ಸಡಿಲಿಸಿ, ತಗಡನ್ನು ಎಳ್ಳಿನಷ್ಟು ಬಲಕ್ಕೆ ಸರಿಸಿ ಬಿಗಿಮಾಡಿದೆ. ಒಂದೇ ಗುಂಡು ಹೊಡೆದೆ.

ಸಿಕ್ಕವ್ವ ನನಗಿಂತ ಮೊದಲು ಹೋಗಿ ಕಾರ್ಡು ಎತ್ತಿಕೊಂಡರು. ದೊಡ್ಡ ತೂತನ್ನು ನೋಡಿದರು, ಆಮೇಲೆ ಕಪ್ಪು ವೃತ್ತದ ನಡುವಿನಲ್ಲಿ ಹೊಸದಾಗಿ ಬಿದ್ದ ಸಣ್ಣ ತೂತಿನ ಮೇಲೆ ಬೆರಳಿಟ್ಟರು. ಅವರ ಮುಖ ಬಾಡಿತು.

"ಐಯೋ ಪಾಪಾ, ನಿಂದು ಮಾತ್ರ ಬ್ಯಾರೆ ಕಡೆ ಬಿದ್ದೈತಲ್ಲ. ಪರವಾಯಿಲ್ಲೆ ಬುಡು, ಬಾಳ ದಿನ ಆತು, ಕೈ ಮರ್ತಿರ್ತದೆ."

ನಾನು ಬಾಯಿ ತೆರೆದೆ. ಕಿವಿಯಲ್ಲೇ ಉಳಿದಿದ್ದ ಮಾತುಗಳನ್ನು ಒಂದೊಂದಾಗಿ ಹುಡುಕಿ ತೆಗೆಯಬೇಕಾಯಿತು.

"ನಂದೊಂದೇ ಸರಿ ಬಿದ್ದೈತೆ ಸಿಕ್ಕವ್ವ," ಎಂದೆ. "ಆ ತಿರುಪು... ಪೋಟಿ ದಿನ ಕುಂಕುಮ ಕೆರಿಯಾಕೆ ಓಗಿ ನಾನೇ ಕೆಡಿಸ್ದೆ. ನಾಚ್ಕೆ ಆಗಿತ್ತು. ಸಿಕ್ಕಯ್ಯನಿಗೆ ಯೋಳ್ಲಿಲ್ಲ."

ಅವರು ಬೆರಳನ್ನು ದೊಡ್ಡ ತೂತಿನ ಕಡೆಗೆ ಸರಿಸಿದರು.

"ಅಂಗಾದ್ರೆ ಅವ್ರ ಕಣ್ಣು?"

"ಸಂದಾಗೇ ಇತ್ತು."

ಸಿಕ್ಕವ್ವ ಸೆರಗಿನಿಂದ ಕಾರ್ಡಿನ ಮರಳು ಒರೆಸಿದರು. "ಸುಮ್ ಸುಮ್ನೆ ಕಣ್ಣಾಡಿ ಆಕ್ಕಂಡು ತಿರುಗಿದ್ರು ನೋಡು," ಎಂದು, ಅದನ್ನು ಮತ್ತೆ ದೇವರ ಪಟದ ಹಿಂದಕ್ಕೆ ಇಡಲು ಒಳಗೆ ಹೋದರು.